ಮೂರನೆಯದನ್ನು ಕಲಿಸಬೇಡ, ಕೇಳಿ ನೋಡು

ಡಬ್ಬಿ ತುಂಬ ಕಾರ್ಡು ಮಾಡಿಟ್ಟುಕೊಂಡಿದ್ದೀಯಂತೆ, ಸಂತೋಷ. ಒಂದರ ಮೇಲೆ ಹಸುವಿನ ಚಿತ್ರ, ಇನ್ನೊಂದರ ಮೇಲೆ ದಪ್ಪಕ್ಷರದಲ್ಲಿ ‘ಹಸು’. ವಿಶೇಷ ಮಕ್ಕಳ ಶಾಲೆಗೆ ಸೇರಿದ ಹೊಸತರಲ್ಲಿ ಹುರುಪು ಹೀಗೇ ಇರಬೇಕು. ಆದರೆ ಒಂದು ಮಾತು ಹೇಳ್ತೀನಿ ಕೇಳು ಮಗಳೇ: ಎಲ್ಲವನ್ನೂ ನೀನೇ ಕಲಿಸಲು ಹೋಗಬೇಡ.

ಹಸು ಅನ್ನುವುದು ಮಗುವಿಗೆ ಮೂರು ರೂಪದಲ್ಲಿ ಸಿಗುತ್ತದೆ: ಕಿವಿಗೆ ಬೀಳುವ ಮಾತು, ಕಣ್ಣಿಗೆ ಕಾಣುವ ಚಿತ್ರ, ಹಾಳೆಯ ಮೇಲಿನ ಬರಹ. ಮಾತು ಕೇಳಿ ಚಿತ್ರ ತೋರಿಸುವುದು, ಚಿತ್ರ ನೋಡಿ ಹೆಸರು ಹೇಳುವುದು, ಮಾತು ಕೇಳಿ ಬರಹ ಆರಿಸುವುದು, ಬರಹ ನೋಡಿ ಬಾಯಿಬಿಟ್ಟು ಓದುವುದು, ಚಿತ್ರಕ್ಕೆ ಬರಹ, ಬರಹಕ್ಕೆ ಚಿತ್ರ. ಒಟ್ಟು ಆರು ಕೆಲಸ. ಆರನ್ನೂ ಒಂದೊಂದಾಗಿ ತಿದ್ದುತ್ತ ಕೂತರೆ ವರ್ಷ ಮುಗಿದರೂ ಹತ್ತು ಪದ ದಾಟುವುದಿಲ್ಲ.

ಅಮೆರಿಕದಲ್ಲಿ ಮರ್ರೆ ಸಿಡ್‌ಮನ್ ಎಂಬ ಮನೋವಿಜ್ಞಾನಿ 1971ರಲ್ಲಿ ಒಬ್ಬ ಹುಡುಗನ ವಿಷಯ ಬರೆದರು. ವಯಸ್ಸು ಹದಿನೇಳು, ತೀವ್ರ ಬುದ್ಧಿಮಾಂದ್ಯ, ಅಕ್ಷರವೇ ಬಾರದು. ಆದರೆ 20 ವಸ್ತುಗಳ ಹೆಸರು ಹೇಳಿದರೆ ಚಿತ್ರ ತೋರಿಸುತ್ತಿದ್ದ, ಚಿತ್ರ ತೋರಿಸಿದರೆ ಹೆಸರು ಹೇಳುತ್ತಿದ್ದ. ಅಂದರೆ ಆರರಲ್ಲಿ ಎರಡು ಮೊದಲೇ ಇದ್ದವು. ಸಿಡ್‌ಮನ್ ಕಲಿಸಿದ್ದು ಒಂದೇ: ಹೆಸರು ಕೇಳಿ ಅಚ್ಚಾದ ಪದವನ್ನು ಆರಿಸುವುದು. ಆಮೇಲೆ ಚಿತ್ರ, ಬರಹ ಮುಂದಿಟ್ಟು ಸುಮ್ಮನೆ ಕೇಳಿ ನೋಡಿದರು. ಯಾರೂ ಜೋಡಿಸಿ ತೋರಿಸದಿದ್ದ ಚಿತ್ರವನ್ನೂ ಬರಹವನ್ನೂ ಹುಡುಗ ತಾನೇ ಕೂಡಿಸಿದ. ಪದಗಳನ್ನು ಬಾಯಿಬಿಟ್ಟು ಓದಿದ. ಕಲಿಸಿದ್ದು ಒಂದು, ಬಂದದ್ದು ಮೂರು. ಈ ಹುಡುಗನಿಗೆ ಓದು ಹತ್ತುವುದಿಲ್ಲ ಎಂದುಕೊಂಡಿದ್ದವರು ಆವತ್ತು ಏನಂದರೋ!

ಮನೋವಿಜ್ಞಾನದವರು ಇದಕ್ಕೆ ಸ್ಟಿಮ್ಯುಲಸ್ ಇಕ್ವಿವಲೆನ್ಸ್ ಅನ್ನುತ್ತಾರೆ. ಮಾತು, ಚಿತ್ರ, ಬರಹ ಮೂರೂ ಒಂದರ ಬದಲು ಒಂದು ನಿಲ್ಲುವಷ್ಟು ಸಮವಾಗಿಬಿಡುತ್ತವೆ. ಹಾಗಾಗಿದೆಯೇ ಎಂದು ಪರೀಕ್ಷಿಸಲು 1982ರಲ್ಲಿ ಸಿಡ್‌ಮನ್ ಮತ್ತು ಟೇಲ್ಬಿ ಗಣಿತದಿಂದ ಮೂರು ಅಳತೆಗೋಲು ತಂದರು. ನಿನಗೆ ಬೇಕಾದ್ದು ಎರಡು: ಇದರಿಂದ ಅದಕ್ಕೆ ಹೋದವನು ಅದರಿಂದ ಇದಕ್ಕೂ ಬರಬೇಕು, ಇದು ಅದಕ್ಕೆ, ಅದು ಮತ್ತೊಂದಕ್ಕೆ ಕೂಡಿದರೆ ಇದು ಮತ್ತೊಂದಕ್ಕೂ ಕೂಡಬೇಕು. ಸುಲಭ ಅನ್ನಿಸುತ್ತದೆ ಅಲ್ಲವೇ? ಅದೇ ವರ್ಷದ ಇನ್ನೊಂದು ಅಧ್ಯಯನದಲ್ಲಿ ರೀಸಸ್ ಕೋತಿಗಳೂ ಬಬೂನ್‌ಗಳೂ ಮೊದಲನೆಯದರಲ್ಲೇ ಸೋತವು. (ಕ್ಯಾಲಿಫೋರ್ನಿಯಾದಲ್ಲಿ ರಿಯೋ ಎಂಬ ಕಡಲಸಿಂಹವೊಂದು ಗೆದ್ದ ವರದಿ 1993ರಲ್ಲಿ ಬಂತು. ಪ್ರಾಣಿಗಳಿಗೆ ಇದು ಬರುತ್ತದೆಯೋ ಇಲ್ಲವೋ ಎಂಬ ವಿದ್ವಾಂಸರ ಜಗಳ ಅವರಿಗೇ ಇರಲಿ.)

ನಿನ್ನ ತರಗತಿಗೆ ಬರೋಣ. ಮೊದಲು ಮಗುವಿಗೆ ಏನು ಬರುತ್ತದೆ ಅಂತ ನೋಡು. ಆ ಹುಡುಗನಿಗೆ ಮಾತೂ ಚಿತ್ರವೂ ಮೊದಲೇ ಕೂಡಿದ್ದಕ್ಕೇ ಬರಹ ಬಂದು ಸೇರಿಕೊಂಡದ್ದು. ಹಸು ಅಂದರೆ ಹಸುವಿನ ಚಿತ್ರದ ಕಡೆ ನೋಡದ ಮಗುವಿಗೆ ಬರಹ ಹಿಡಿದು ಕೂರಬೇಡ. ಮಾತು-ಚಿತ್ರ, ಮಾತು-ಬರಹ ಎಂಬ ಎರಡು ಜೋಡಿ ಗಟ್ಟಿಯಾಗಲಿ. ಮೂರನೆಯದನ್ನು, ಅಂದರೆ ಚಿತ್ರ-ಬರಹವನ್ನು, ಕಲಿಸದೆ ಕೇಳು. ಕೇಳುವಾಗ ‘ಶಭಾಷ್’ ಅನ್ನಬೇಡ, ತಪ್ಪಿದರೆ ತಿದ್ದಲೂ ಬೇಡ. ತಿದ್ದಿದರೆ ಅದು ತಾನಾಗಿ ಬಂತೋ ನೀನು ಕಲಿಸಿದೆಯೋ ಗೊತ್ತಾಗುವುದಿಲ್ಲ. ಎರಡೇ ಕಾರ್ಡು ಮುಂದಿಟ್ಟರೆ ಕಣ್ಣುಮುಚ್ಚಿ ಮುಟ್ಟಿದರೂ ಅರ್ಧ ಸರಿ. ನಾಲ್ಕಾದರೂ ಇಡು, ಪ್ರತಿಸಲ ಜಾಗ ಬದಲಿಸು. ನಿನ್ನ ಕಣ್ಣು ಸರಿಯಾದ ಕಾರ್ಡಿನ ಮೇಲೆ ನಿಲ್ಲದಂತೆ ನೋಡಿಕೋ. ಮಾತಾಡದ ಮಗುವೂ ನಿನ್ನ ನೋಟದ ಸುಳಿವು ಹಿಡಿದುಬಿಡಬಹುದು. ಮೊದಲ ಸಲ ಬರದಿದ್ದರೆ ಗಾಬರಿ ಬೇಡ. ಏನೂ ಕಲಿಸದೆ ಮತ್ತೆ ಮತ್ತೆ ಕೇಳುವಾಗಲೇ ಕೆಲವರಿಗೆ ಕೂಡಿಬರುತ್ತದೆ. ಆಗಲೂ ಬರದಿದ್ದರೆ ಹಿಂದಿನ ಎರಡು ಜೋಡಿಯಲ್ಲಿ ಯಾವುದು ಸಡಿಲ ಅಂತ ಹುಡುಕು.

ಪದಗಳನ್ನು ಆರಿಸುವಾಗ ನಮ್ಮ ಲಿಪಿಯ ಅನುಕೂಲ ಬಿಡಬೇಡ. ಮರ, ಸರ ಗಟ್ಟಿಯಾದ ಮೇಲೆ ರಸ ಬರೆದು ಇಡು. ಬ್ರೆಜಿಲ್‌ನ ಸಾವೊ ಕಾರ್ಲೋಸ್‌ನಲ್ಲಿ ಜೂಲಿಯೊ ಡಿ ರೋಸ್, ಡೈಸಿ ಡಿ ಸೋಜಾ ಮತ್ತು ಜೊತೆಗಾರರು ಓದಲು ಬಾರದ ಮಕ್ಕಳಿಗೆ ಈ ಬಗೆಯಲ್ಲೇ ಪದ ಕಲಿಸಿದಾಗ, ಕೆಲವರು ಕಲಿತ ಪದಗಳ ಉಚ್ಚಾರಾಂಶ ಬಿಡಿಸಿ ಹೊಸ ಪದವನ್ನೂ ಓದಿದರು. ಎಲ್ಲರೂ ಅಲ್ಲ, ನೆನಪಿರಲಿ. ಒತ್ತಕ್ಷರದ ಗೋಜಿಗೆ ಈಗಲೇ ಹೋಗಬೇಡ.

ಇನ್ನೊಂದು, ಇದನ್ನು ಹೇಳಲೇಬೇಕು. ಕಲಿಸದೆ ಬರುವುದು ಓದು ಮಾತ್ರ ಅಲ್ಲ. 1994ರಲ್ಲಿ ಮೈಕೆಲ್ ಡೌಗರ್ ಮತ್ತು ಸಂಗಡಿಗರು ದೊಡ್ಡವರಿಗೇ ಅರ್ಥವಿಲ್ಲದ ಕೆಲವು ಆಕೃತಿಗಳನ್ನು ಹೀಗೆ ಗುಂಪುಗೂಡಿಸಿ ಕಲಿಸಿ, ಆಮೇಲೆ ಗುಂಪಿನ ಒಂದು ಆಕೃತಿಯ ಜೊತೆ ಸಣ್ಣ ವಿದ್ಯುತ್ ಶಾಕ್ ಕೊಟ್ಟರು. ಶಾಕ್ ಜೊತೆ ಎಂದೂ ಬಾರದ ಉಳಿದ ಆಕೃತಿಗಳನ್ನು ಕಂಡರೂ ಅನೇಕರ ಮೈ ಹೆದರಿಕೆ ತೋರಿಸಿತು. ಶಾಕ್ ನಿಲ್ಲಿಸಿ ಒಂದರ ಭಯ ಕಳೆದಾಗ ಉಳಿದವುಗಳದ್ದೂ ಇಳಿಯಿತು. ನೋಟುಬುಕ್ಕಿನ ಮೇಲೆ ಏಟು ತಿಂದ ಮಗು ಬರಹಕ್ಕೆ ಮಾತ್ರ ಹೆದರುತ್ತದೆ ಅಂದುಕೊಳ್ಳಬೇಡ; ಬರಹಕ್ಕೆ ಕೂಡಿಕೊಂಡದ್ದೆಲ್ಲ ಅದರ ಪಾಲಿಗೆ ಏಟೇ ಆಗಬಹುದು.

ಪುಸ್ತಕ ಕಂಡರೆ ಮೇಜಿನಡಿ ನುಗ್ಗುವ ಹುಡುಗನೊಬ್ಬ ಇದ್ದಾನೆ ಅಂದೆಯಲ್ಲ, ಅವನ ಮುಂದೆ ಸದ್ಯಕ್ಕೆ ಬರಹದ ಕಾರ್ಡು ತೆಗೆಯಲೇಬೇಡ. ಬಸ್ಸು ಅಂದರೆ ಪ್ರಾಣ ಅಂದೆ. ಬಸ್ಸಿನ ಚಿತ್ರದಿಂದಲೇ ಶುರು ಮಾಡು. ಬರಹ ತರುವ ದಿನ ಬಂದಾಗ ಬಸ್ಸಿನ ಬೋರ್ಡಿನ ಹಾಗೆ ಅಗಲ ರಟ್ಟಿನ ಮೇಲೆ ಬರೆ. ಗೆರೆ ಹಾಕಿದ ನೋಟುಬುಕ್ಕಿನ ಹಾಳೆ ಮಾತ್ರ ಬೇಡ.