ಅಪಘಾತವಾದ ವಾಹನದ ರಿಪೇರಿ ಹಣ: ವಿಮಾ ಕಂಪನಿ ಕಡಿಮೆ ಕೊಟ್ಟರೆ ರೈತರು ಮಾಡಬೇಕಾದುದೇನು?

ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯಲ್ಲಿ ರಾಗಿ, ಹಿಪ್ಪುನೇರಳೆ, ದ್ರಾಕ್ಷಿ ಹಾಗೂ ತರಕಾರಿ ಬೆಳೆಯುವ ರೈತರಿಗೆ ಟ್ರ್ಯಾಕ್ಟರ್ ಮತ್ತು ಸಣ್ಣ ಗೂಡ್ಸ್ ಗಾಡಿಗಳು ಇಂದು ನೇಗಿಲಿನಷ್ಟೇ ಅವಶ್ಯಕವಾಗಿವೆ. ರೇಷ್ಮೆಗೂಡು ವಿಜಯಪುರ ಅಥವಾ ಶಿಡ್ಲಘಟ್ಟದ ಮಾರುಕಟ್ಟೆಗೂ, ತರಕಾರಿ ಬೆಂಗಳೂರಿಗೂ ಹೊತ್ತಿಗೆ ಸರಿಯಾಗಿ ತಲುಪಬೇಕು. ಗಾಡಿ ಅಪಘಾತಕ್ಕೀಡಾಗಿ ಗ್ಯಾರೇಜು ಸೇರಿದರೆ ದುಡಿಮೆ ನಿಲ್ಲುತ್ತದೆ. ಸಾಲದ ಕಂತು ಮಾತ್ರ ನಿಲ್ಲುವುದಿಲ್ಲ. ಇಂಥ ಹೊತ್ತಿನಲ್ಲಿ ವಿಮಾ ಕಂಪನಿಯು ರಿಪೇರಿ ಹಣ ಕಡಿತಗೊಳಿಸಿದರೆ ಅಥವಾ ನಿರಾಕರಿಸಿದರೆ ಅನೇಕರು ಕೊಟ್ಟಷ್ಟು ಪಡೆದು ಸುಮ್ಮನಾಗುತ್ತಾರೆ. ಹಾಗೆ ಮಾಡಬೇಕಾಗಿಲ್ಲ. ಆದರೆ ಯಾವ ಕಡಿತ ನಿಯಮಬದ್ಧ, ಯಾವುದು ಅಲ್ಲ ಎಂಬುದನ್ನು ಮೊದಲು ತಿಳಿಯಬೇಕು.

ಪಾಲಿಸಿಯನ್ನು ಓದಿ ನೋಡಿ

1988ರ ಮೋಟಾರು ವಾಹನಗಳ ಕಾಯ್ದೆಯಂತೆ ಕಡ್ಡಾಯವಾದದ್ದು ಮೂರನೇ ವ್ಯಕ್ತಿಯ ವಿಮೆ ಮಾತ್ರ. ನಮ್ಮ ಗಾಡಿಯಿಂದ ಇತರರಿಗಾದ ಹಾನಿಯನ್ನು ಅದು ಭರಿಸುತ್ತದೆಯೇ ಹೊರತು ನಮ್ಮ ಗಾಡಿಯ ರಿಪೇರಿಗೆ ಅದರಿಂದ ಬಿಡಿಗಾಸೂ ಬಾರದು. ರಿಪೇರಿ ಹಣ ಬೇಕಾದರೆ ಸ್ವಂತ ಹಾನಿಯೂ ಸೇರಿದ ಸಮಗ್ರ ಪಾಲಿಸಿ ಇರಬೇಕು. ಗೂಡ್ಸ್ ಗಾಡಿ, ಟ್ರ್ಯಾಕ್ಟರ್‌ಗಳಲ್ಲಿ ದೀಪ, ಟೈರು, ಮಡ್‌ಗಾರ್ಡ್, ಬಾನೆಟ್, ಬಂಪರ್, ಬಣ್ಣ ಇವುಗಳಿಗೆ ಹೆಚ್ಚುವರಿ ಪ್ರೀಮಿಯಂ ಕಟ್ಟಿದ್ದೀರಾ ಎಂಬುದನ್ನೂ ಪಾಲಿಸಿ ಪಡೆಯುವಾಗಲೇ ಪರೀಕ್ಷಿಸಿಕೊಳ್ಳತಕ್ಕದ್ದು. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿ ಫಲವಿಲ್ಲ.

ಅಪಘಾತವಾದ ದಿನ

1. ಕಂಪನಿಗೆ ಕೂಡಲೇ ತಿಳಿಸಿ, ದೂರಿನ ಸಂಖ್ಯೆ ಬರೆದಿಟ್ಟುಕೊಳ್ಳಿ. ಪೆಟ್ಟಾದವರಿದ್ದರೆ ಮೊದಲು ಆಸ್ಪತ್ರೆ, ನಂತರ ಪೊಲೀಸ್ ಠಾಣೆ.

2. ಗಾಡಿ ಬಿದ್ದ ಸ್ಥಳ, ಮುರಿದ ಭಾಗ, ನಂಬರ್ ಪ್ಲೇಟ್ ಕಾಣುವಂತೆ ಫೋಟೋ ತೆಗೆಯಿರಿ.

3. ಸರ್ವೆಯರ್ ನೋಡುವ ಮುನ್ನ ಗಾಡಿಯನ್ನು ಬಿಚ್ಚಿಸಬಾರದು. ಇವರು ಜಮೀನು ಅಳೆಯುವ ಸರ್ವೆಯರ್ ಅಲ್ಲ. ನಷ್ಟವನ್ನು ಅಂದಾಜು ಮಾಡುವ ಪರವಾನಗಿ ಪಡೆದವರು.

4. ಗ್ಯಾರೇಜಿನ ಅಂದಾಜು ಪಟ್ಟಿ, ಪ್ರತಿ ಭಾಗದ ಬಿಲ್ಲು, ಹಣ ಕೊಟ್ಟ ರಸೀತಿ ಇವನ್ನೆಲ್ಲ ಜೋಪಾನ ಮಾಡಿ. ಬದಲಾಯಿಸಿದ ಹಳೆಯ ಭಾಗಗಳನ್ನು ಹಣ ಇತ್ಯರ್ಥವಾಗುವವರೆಗೆ ಗುಜರಿಗೆ ಹಾಕಬೇಡಿ.

ನಿಯಮಬದ್ಧ ಕಡಿತ

ಹಳೆಯ ಭಾಗಕ್ಕೆ ಹೊಸದು ಹಾಕಿದಾಗ ಸವಕಳಿ ಕಳೆಯುವುದು ರೂಢಿ. ಸಾಮಾನ್ಯವಾಗಿ ರಬ್ಬರು, ಪ್ಲಾಸ್ಟಿಕ್, ಟೈರು, ಬ್ಯಾಟರಿಗೆ ಶೇ. 50, ಫೈಬರ್‌ಗ್ಲಾಸ್‌ಗೆ ಶೇ. 30, ಗಾಜಿಗೆ ಏನೂ ಇಲ್ಲ. ಲೋಹದ ಭಾಗಗಳಿಗೆ ಗಾಡಿಯ ವಯಸ್ಸಿನಂತೆ ಕಡಿತ: 1ರಿಂದ 2 ವರ್ಷಕ್ಕೆ ಶೇ. 10, 2ರಿಂದ 3ಕ್ಕೆ ಶೇ. 15, 3ರಿಂದ 4ಕ್ಕೆ ಶೇ. 25, 4ರಿಂದ 5ಕ್ಕೆ ಶೇ. 35, 5ರಿಂದ 10ಕ್ಕೆ ಶೇ. 40.

ಉದಾಹರಣೆಗೆ, ನಾಲ್ಕೂವರೆ ವರ್ಷದ ಗಾಡಿಗೆ 70,000 ರೂ. ಬಿಲ್ಲಾಗಿದೆ ಎನ್ನೋಣ. ಲೋಹದ ಭಾಗ 40,000ಕ್ಕೆ 26,000. ಪ್ಲಾಸ್ಟಿಕ್, ರಬ್ಬರು 10,000ಕ್ಕೆ 5,000. ಗಾಜು 5,000 ಪೂರ್ತಿ. ಕೂಲಿ 15,000 ಪೂರ್ತಿ. ಒಟ್ಟು 51,000 ರೂ. ಇದರಲ್ಲಿ ಪಾಲಿಸಿಯಲ್ಲಿ ನಮೂದಿಸಿದ ಕಡ್ಡಾಯ ಕಡಿತ ಕಳೆದು ಉಳಿದದ್ದು ನಿಮ್ಮದು. ಕಂಪನಿ 30,000 ಮಾತ್ರ ಕೊಡಲು ಬಂದರೆ, ಉಳಿದುದಕ್ಕೆ ಕಾರಣ ಕೇಳುವ ಹಕ್ಕು ನಿಮಗಿದೆ.

ಪ್ರಶ್ನಿಸಬಹುದಾದ ಕಡಿತ ಮತ್ತು ನಿರಾಕರಣೆ

ಸರ್ವೆಯರ್ ವರದಿಯೇ ಅಂತಿಮವಲ್ಲ. ಅಪಘಾತಕ್ಕೀಡಾದ ಲಾರಿಯೊಂದರ ರಿಪೇರಿ ವಿವಾದದಲ್ಲಿ ಸುಪ್ರೀಂ ಕೋರ್ಟು 2009ರಲ್ಲಿ ಇದನ್ನು ಸ್ಪಷ್ಟಪಡಿಸಿತು. ವರದಿಗಿಂತ ಹೆಚ್ಚು ಖರ್ಚಾದುದನ್ನು ಮಾಲೀಕರು ಬಿಲ್ಲುಗಳಿಂದ ತೋರಿಸಿದ್ದರು. ಆ ಬಿಲ್ಲುಗಳಿಗೇ ಮನ್ನಣೆ ದೊರೆಯಿತು. ಆದ್ದರಿಂದ ವರದಿಯ ಪ್ರತಿಯನ್ನು ಕೇಳಿ ಪಡೆದು, ಬಿಲ್ಲಿನೊಡನೆ ಸಾಲು ಸಾಲಾಗಿ ಹೋಲಿಸಿ ನೋಡಿ.

ಷರತ್ತು ಮೀರಿದಿರೆಂದು ಪೂರ್ತಿ ನಿರಾಕರಿಸುವುದೂ ಉಂಟು. ಹಾಸನದ ಓರಿಯೆಂಟಲ್ ಇನ್ಶೂರೆನ್ಸ್ ವಿಭಾಗೀಯ ಕಚೇರಿಯ ವಿರುದ್ಧ ಬಿ. ವಿ. ನಾಗರಾಜು ಹೂಡಿದ್ದ ಪ್ರಕರಣ ಇಂಥದು. ಆರು ಕೆಲಸಗಾರರಿಗೆ ಅವಕಾಶವಿದ್ದ ಸರಕು ವಾಹನದಲ್ಲಿ ಒಂಬತ್ತು ಜನರಿದ್ದರೆಂದು ರಿಪೇರಿ ಹಣ ನಿರಾಕರಿಸಲಾಗಿತ್ತು. ಹೆಚ್ಚಿನ ಜನರಿದ್ದುದು ಅಪಘಾತಕ್ಕೆ ಕಾರಣವಲ್ಲದಿದ್ದರೆ ಅಷ್ಟರಿಂದಲೇ ವಿಮೆ ರದ್ದಾಗದು ಎಂದು ಸುಪ್ರೀಂ ಕೋರ್ಟು 1996ರಲ್ಲಿ ಮಾಲೀಕರ ಪರ ತೀರ್ಪಿತ್ತಿತು. ಹಾಗೆಂದು ಟ್ರೈಲರ್‌ನಲ್ಲಿ ಕೂಲಿಯವರನ್ನು ತುಂಬಿಕೊಂಡು ಹೋಗುವುದು ಸರಿಯೆಂದಲ್ಲ; ಅದು ಪ್ರಾಣಾಪಾಯ.

ಲೈಸೆನ್ಸಿನ ತಕರಾರೂ ಸಾಮಾನ್ಯ. ಟ್ರ್ಯಾಕ್ಟರ್ ಲೈಸೆನ್ಸ್ ಇದ್ದವರು ಟ್ರೈಲರ್ ಕಟ್ಟಿ ಸರಕು ಸಾಗಿಸಿದ ಮಾತ್ರಕ್ಕೆ ಅನರ್ಹರಾಗರು ಎಂದು 2001ರ ನಾಗಶೆಟ್ಟಿ ಪ್ರಕರಣದಲ್ಲಿ ತೀರ್ಮಾನವಾಯಿತು. ಲಘು ವಾಹನದ ಲೈಸೆನ್ಸಿನಲ್ಲೇ 7,500 ಕಿಲೋ ಒಳಗಿನ ಒಟ್ಟು ತೂಕದ ಸರಕು ವಾಹನ ಓಡಿಸಬಹುದೆಂದು 2024ರ ನವೆಂಬರ್ 6ರಂದು ಐವರು ನ್ಯಾಯಮೂರ್ತಿಗಳ ಪೀಠ ಹೇಳಿದೆ. ಲೈಸೆನ್ಸೇ ಇಲ್ಲದವರಿಗೂ ಕುಡಿದು ಓಡಿಸಿದವರಿಗೂ ಈ ತೀರ್ಪುಗಳು ನೆರವಾಗವು.

ಸಹಿ ಹಾಕುವ ಮುನ್ನ

"ಪೂರ್ಣ ಮತ್ತು ಅಂತಿಮ ಇತ್ಯರ್ಥ" ಎಂದು ಬರೆದ ಕಾಗದಕ್ಕೆ ಓದದೆ ಸಹಿ ಮಾಡಬಾರದು. ಬಲವಂತದಿಂದ ಅಥವಾ ಮೋಸದಿಂದ ಸಹಿ ಪಡೆದರೆಂದು ರುಜುವಾತಾದರೆ ಪರಿಹಾರ ಕೇಳಬಹುದು. ಆದರೆ ರುಜುವಾತಿನ ಹೊರೆ ನಿಮ್ಮ ಮೇಲೆಯೇ ಬೀಳುತ್ತದೆ. ಮೊತ್ತಕ್ಕೆ ಒಪ್ಪಿಗೆ ಇಲ್ಲದಿದ್ದರೆ ಅದನ್ನು ಅಂದೇ ಬರವಣಿಗೆಯಲ್ಲಿ ತಿಳಿಸಿ.

ದೂರಿನ ಮೂರು ಮೆಟ್ಟಿಲು

ಮೊದಲನೆಯದು, ಕಂಪನಿಯ ಕುಂದುಕೊರತೆ ಅಧಿಕಾರಿಗೆ ಲಿಖಿತ ದೂರು. ಸ್ಪೀಡ್ ಪೋಸ್ಟ್‌ನಲ್ಲಿ ಕಳುಹಿಸಿ ರಸೀತಿ ಇಟ್ಟುಕೊಳ್ಳಿ. ಬಾಯಿಮಾತಿನ ನಿರಾಕರಣೆಗೆ ಒಪ್ಪದೆ, ಕಾರಣಸಹಿತ ಪತ್ರ ಕೇಳಿ. ವಿಮಾ ನಿಯಂತ್ರಣ ಪ್ರಾಧಿಕಾರದ 155255 ಸಂಖ್ಯೆಗೂ ದೂರು ಕೊಡಬಹುದು.

ಎರಡನೆಯದು, ಬೆಂಗಳೂರಿನಲ್ಲಿರುವ ವಿಮಾ ಓಂಬುಡ್ಸ್‌ಮನ್. ಕಂಪನಿ ಒಂದು ತಿಂಗಳೊಳಗೆ ಉತ್ತರಿಸದಿದ್ದರೆ ಅಥವಾ ಉತ್ತರ ಸಮಾಧಾನ ತರದಿದ್ದರೆ ಒಂದು ವರ್ಷದೊಳಗೆ ಇಲ್ಲಿಗೆ ಹೋಗಬಹುದು. ಶುಲ್ಕವಿಲ್ಲ, ವಕೀಲರೂ ಬೇಡ. ಇಲ್ಲಿನ ಆದೇಶಕ್ಕೆ ಕಂಪನಿ ಬದ್ಧ.

ಮೂರನೆಯದು, 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ ಜಿಲ್ಲಾ ಗ್ರಾಹಕ ಆಯೋಗ. ಅವಧಿ ಎರಡು ವರ್ಷ. ಕಂಪನಿಯ ಕಚೇರಿ ಎಲ್ಲಿದ್ದರೂ ನೀವು ವಾಸಿಸುವ ಜಿಲ್ಲೆಯಲ್ಲೇ ದೂರು ಹೂಡಬಹುದು. ಕಟ್ಟಿದ ಪ್ರೀಮಿಯಂ 5 ಲಕ್ಷ ರೂ. ಮೀರದಿದ್ದರೆ ಶುಲ್ಕವಿಲ್ಲ. ಇಲ್ಲಿ ಪ್ರಕರಣ ನಡೆಯುತ್ತಿದ್ದರೆ ಅದೇ ವಿಷಯವನ್ನು ಓಂಬುಡ್ಸ್‌ಮನ್ ಕೈಗೆತ್ತಿಕೊಳ್ಳುವುದಿಲ್ಲವಾದ್ದರಿಂದ ಮೆಟ್ಟಿಲುಗಳನ್ನು ಕ್ರಮವಾಗಿ ಹತ್ತುವುದು ಲೇಸು.

ಪಹಣಿ, ಸಾಲದ ಪುಸ್ತಕಗಳನ್ನು ಕಾಪಾಡುವ ರೈತರು ಗಾಡಿಗೂ ಒಂದು ಕಡತ ಇಡಬೇಕು. ಪಾಲಿಸಿ, ಆರ್.ಸಿ., ಲೈಸೆನ್ಸ್, ಫೋಟೋ, ಬಿಲ್ಲು ಮತ್ತು ಬರೆದ ಪ್ರತಿ ಪತ್ರದ ನಕಲು ಅದರಲ್ಲಿರಲಿ. ಈ ಯಾವ ಮೆಟ್ಟಿಲಲ್ಲೂ ಕೇಳುವುದು ಆ ಕಡತವನ್ನೇ.