ಏಳನೆಯ ದಿನ

ಹತ್ತೊಂಬತ್ತನೆಯ ಶತಮಾನದಲ್ಲಿ ನ್ಯುಮೋನಿಯ ರೋಗಿಯ ಹಾಸಿಗೆಯ ಬಳಿ ಕುಳಿತ ವೈದ್ಯನು ದಿನಗಳನ್ನು ಎಣಿಸುತ್ತಿದ್ದನು. ರೋಗವು ಹಠಾತ್ತನೆ ಎರಗುತ್ತಿತ್ತು. ಬೆಳಗ್ಗೆ ದುಡಿಯಲು ಹೋದ ಗಟ್ಟಿಮುಟ್ಟಾದ ಯುವಕನು ಸಂಜೆಗೆ ಮೈ ನಡುಗಿಸುವ ಚಳಿಯಿಂದ ಹಾಸಿಗೆ ಹಿಡಿಯುತ್ತಿದ್ದನು. ಬಳಿಕ ತೀವ್ರವಾದ ಜ್ವರ, ಉಸಿರೆಳೆದಾಗಲೆಲ್ಲ ಪಕ್ಕೆಯಲ್ಲಿ ಇರಿದಂತಹ ನೋವು, ಕೆಮ್ಮಿದರೆ ತುಕ್ಕಿನ ಬಣ್ಣದ ಕಫ.

ನಮ್ಮ ಶ್ವಾಸಕೋಶಗಳಲ್ಲಿ ಕೋಟ್ಯಂತರ ವಾಯುಕೋಶಗಳಿವೆ. ಆಮ್ಲಜನಕವು ಅವುಗಳ ತೆಳುವಾದ ಭಿತ್ತಿಯ ಮೂಲಕ ರಕ್ತವನ್ನು ಸೇರುತ್ತದೆ. ರೋಗಾಣುಗಳು ಅಲ್ಲಿ ಬೀಡುಬಿಟ್ಟಾಗ ಈ ಕೋಶಗಳಲ್ಲಿ ದ್ರವವೂ ಕೀವೂ ತುಂಬಿಕೊಳ್ಳುತ್ತವೆ. ಸ್ಪಂಜಿನಂತಿದ್ದ ಭಾಗವು ಯಕೃತ್ತಿನಂತೆ ಗಟ್ಟಿಯಾಗುತ್ತದೆ. ಪೀಪಾಯಿ ತುಂಬಿದೆಯೇ ಎಂದು ತಟ್ಟಿ ನೋಡುವಂತೆ, ಎದೆಯನ್ನು ತಟ್ಟಿ ಇದನ್ನು ತಿಳಿಯುವ ವಿಧಾನವನ್ನು ಆಸ್ಟ್ರಿಯದ ವೈದ್ಯ ಔಯೆನ್‌ಬ್ರುಗ್ಗರ್ 1761ರಲ್ಲಿಯೇ ಪ್ರಕಟಿಸಿದ್ದನು. ರೋಗವನ್ನು ಗುರುತಿಸುವ ಜಾಣ್ಮೆ ಬೆಳೆದಿತ್ತು. ಗುಣಪಡಿಸುವ ಶಕ್ತಿ ಮಾತ್ರ ಇರಲಿಲ್ಲ.

ಸುಮಾರು ಏಳನೆಯ ದಿನ ವಿಷಮಘಟ್ಟ ಬರುತ್ತಿತ್ತು. ಆ ರಾತ್ರಿ ಮನೆಯವರಾರೂ ಮಲಗುತ್ತಿರಲಿಲ್ಲ. ರೋಗಿಯ ತುಟಿ ನೀಲಿಗಟ್ಟಿ, ಮೂಗಿನ ಹೊಳ್ಳೆಗಳು ಅರಳಿ ಮುಚ್ಚಿ, ಕೆಲವೊಮ್ಮೆ ಸನ್ನಿಯೂ ಹಿಡಿಯುತ್ತಿತ್ತು. ಅದೃಷ್ಟವಿದ್ದರೆ ಕೆಲವೇ ಗಂಟೆಗಳಲ್ಲಿ ಮೈ ಬೆವರಿ, ಜ್ವರವಿಳಿದು, ರೋಗಿಯು ಗಾಢ ನಿದ್ರೆಗೆ ಜಾರುತ್ತಿದ್ದನು. ಇಲ್ಲವಾದರೆ ಮರಣ. ತಿಳಿದ ಯಾವ ಉಪಾಯದಿಂದಲೂ ಈ ರೋಗದ ಗತಿಯನ್ನು ತಡೆಯಲಾಗದೆಂದು ತಮ್ಮ ಗ್ರಂಥದಲ್ಲಿ ಬರೆದ ಸುಪ್ರಸಿದ್ಧ ವೈದ್ಯ ವಿಲಿಯಂ ಆಸ್ಲರ್ ಅವರೇ 1919ರ ಡಿಸೆಂಬರಿನಲ್ಲಿ ನ್ಯುಮೋನಿಯದ ತೊಡಕುಗಳಿಂದ ಅಸುನೀಗಿದರು.

1938ರಲ್ಲಿ ಸಲ್ಫಾಪಿರಿಡಿನ್, 1940ರ ದಶಕದಲ್ಲಿ ಪೆನಿಸಿಲಿನ್ ಬಂದವು. ವಿಷಮಘಟ್ಟವೆಂಬ ಮಾತೇ ಮರೆಯಾಗತೊಡಗಿತು. ಆದರೆ ನ್ಯೂಯಾರ್ಕಿನ ರಾಬರ್ಟ್ ಆಸ್ಟ್ರಿಯನ್ ಮತ್ತು ಜೆರೋಮ್ ಗೋಲ್ಡ್ 1964ರಲ್ಲಿ ಒಂದು ಕಹಿ ಸತ್ಯವನ್ನು ಹೊರಗೆಡಹಿದರು. ರೋಗಾಣುಗಳು ರಕ್ತಕ್ಕೂ ಹಬ್ಬಿದ್ದವರಲ್ಲಿ ಮೊದಲ ಐದು ದಿನಗಳೊಳಗೆ ಸಂಭವಿಸುತ್ತಿದ್ದ ಸಾವುಗಳನ್ನು ಪೆನಿಸಿಲಿನ್ ಅಷ್ಟಾಗಿ ತಗ್ಗಿಸಿರಲಿಲ್ಲ! ರೋಗಾಣು ಸತ್ತರೂ ಅದು ಮಾಡಿದ ಹಾನಿ ಉಳಿಯುತ್ತಿತ್ತು. ಆದ್ದರಿಂದಲೇ ಆಸ್ಟ್ರಿಯನ್ ಲಸಿಕೆಯ ಬೆನ್ನು ಹತ್ತಿದರು. 1977ರಲ್ಲಿ ಅದಕ್ಕೆ ಅಮೆರಿಕದಲ್ಲಿ ಅನುಮತಿ ದೊರೆಯಿತು. ಶಿಶುಗಳಿಗೆ ತಕ್ಕ ಬೇರೊಂದು ಬಗೆಯ ಲಸಿಕೆ 2017ರಲ್ಲಿ ಭಾರತದ ಸಾರ್ವತ್ರಿಕ ಲಸಿಕಾ ಕಾರ್ಯಕ್ರಮವನ್ನು ಸೇರಿತು.

ಎಳೆಯ ಮಕ್ಕಳು ತಮ್ಮ ನೋವನ್ನು ಹೇಳಲಾರರು. ಅವರ ಉಸಿರೇ ಅದನ್ನು ಹೇಳುತ್ತದೆ. ಕೆಮ್ಮುತ್ತಿರುವ ಮಗು ನಿಮಿಷಕ್ಕೆ ಎರಡು ತಿಂಗಳಿಂದ ಒಂದು ವರ್ಷದೊಳಗೆ 50, ಒಂದರಿಂದ ಐದು ವರ್ಷದೊಳಗೆ 40 ಅಥವಾ ಹೆಚ್ಚು ಬಾರಿ ಉಸಿರಾಡಿದರೆ ನ್ಯುಮೋನಿಯವನ್ನು ಶಂಕಿಸಬೇಕು. ಉಸಿರೆಳೆದಾಗ ಎದೆಯ ಕೆಳಭಾಗ ಒಳಕ್ಕೆ ಸೆಳೆದರೆ, ಮಗು ಹಾಲು ಕುಡಿಯಲಾರದಾದರೆ, ಅಪಾಯ ಇನ್ನೂ ಹೆಚ್ಚು. ಎಣಿಸುವಾಗ ಮಗು ಅಳುತ್ತಿರಬಾರದು. ಗಡಿಯಾರ ನೋಡಿ ಪೂರ್ತಿ ಒಂದು ನಿಮಿಷ ಎಣಿಸಬೇಕು.