ಅರಳು ಮರಳು

ಮುಪ್ಪು ಎಲ್ಲರಿಗೂ ಬರತಕ್ಕ ಅವಸ್ಥೆ. ಮರೆವಿನ ರೋಗವಾದರೋ ಎಲ್ಲರಿಗೂ ಬರತಕ್ಕುದಲ್ಲ. ಆದರೂ ನಮ್ಮ ಜನರು ಇವೆರಡನ್ನೂ ಒಂದೆಂದೇ ಭಾವಿಸಿ, ‘ಅರವತ್ತಕ್ಕೆ ಅರಳು ಮರಳು’ ಎಂಬ ಗಾದೆಯಿಂದ ಮಾತನ್ನು ಮುಗಿಸಿಬಿಡುವುದುಂಟು. 1906ರಲ್ಲಿ ಜರ್ಮನಿಯ ವೈದ್ಯರಾದ ಆಲೋಯಿಸ್ ಆಲ್‌ಝೈಮರ್ ಎಂಬವರು, ಮರೆವಿನಿಂದ ನರಳಿ ಮೃತಳಾದ ಸ್ತ್ರೀಯೊಬ್ಬಳ ಮೆದುಳನ್ನು ಪರೀಕ್ಷಿಸಿ, ಅದರಲ್ಲಿ ಕಂಡುಬಂದ ವಿಕಾರಗಳನ್ನು ವಿದ್ವಾಂಸರ ಮುಂದಿಟ್ಟರು. ಅದು ಮುಪ್ಪಿನ ಸಹಜ ಲಕ್ಷಣವಲ್ಲ, ಮೆದುಳಿನ ವ್ಯಾಧಿ. ನಮ್ಮ ದೇಶದಲ್ಲಿ ಅರವತ್ತು ದಾಟಿದವರಲ್ಲಿ ಸುಮಾರು 88 ಲಕ್ಷ ಮಂದಿ ಇಂತಹ ಮರೆಗುಳಿ ರೋಗಗಳಿಗೆ ತುತ್ತಾಗಿರುವರೆಂದು ಇತ್ತೀಚಿನ ಸಮೀಕ್ಷೆಯೊಂದರ ಅಂದಾಜು.

ಕುಂದಾಪುರ, ಬೈಂದೂರು, ಬ್ರಹ್ಮಾವರಗಳ ಕಡೆಯಲ್ಲಿ ಹಂಚಿನ ಹಳೆಯ ಮನೆಗಳು ಇಂದಿಗೂ ಕಾಣಸಿಗುತ್ತವೆ. ಮಕ್ಕಳು ಹೋಟೆಲಿನ ಉದ್ಯಮವನ್ನರಸಿ ಬೆಂಗಳೂರು, ಮುಂಬಯಿಗಳಿಗೋ, ಕೆಲಸವನ್ನರಸಿ ಕೊಲ್ಲಿಯ ದೇಶಗಳಿಗೋ ತೆರಳಿರುತ್ತಾರೆ. ಮನೆಯಲ್ಲಿ ಉಳಿದವರು ವೃದ್ಧರು. ಅವರನ್ನು ನೋಡಿಕೊಳ್ಳಲು ಒಬ್ಬ ಸೊಸೆ ಅಥವಾ ಸಂಬಳದ ಆಳು. ಅಂತಹ ಮನೆಯ ಅಜ್ಜಿಯೊಬ್ಬರನ್ನು ಊಹಿಸಿಕೊಳ್ಳಿರಿ. ಉಂಡು, ಕೈತೊಳೆದು ಜಗಲಿಗೆ ಬಂದ ಅರ್ಧ ಗಳಿಗೆಯಲ್ಲಿಯೇ ದಾರಿಹೋಕರನ್ನು ಕರೆದು, “ನಂಗೆ ಉಂಬುಕೇ ಹಾಕ್ಲಿಲ್ಲೆ” ಎನ್ನುತ್ತಾರೆ. ಅದೇ ಅಜ್ಜಿಯು ಬಾಲ್ಯದಲ್ಲಿ ಗದ್ದೆಯ ನಾಟಿಗೆ ಬಂದವರ ಹೆಸರುಗಳನ್ನು ಒಂದೂ ಬಿಡದೆ ಹೇಳಬಲ್ಲರು! ಇದನ್ನು ಕಂಡ ಮನೆಯವರು, “ಎಲ್ಲವೂ ನಾಟಕ” ಎಂದು ಸಿಡಿಮಿಡಿಗೊಳ್ಳುತ್ತಾರೆ. ನಾಟಕವಲ್ಲ. ಹೊಸ ನೆನಪನ್ನು ಕೂಡಿಡುವ ಭಾಗವನ್ನು ಈ ರೋಗವು ಮೊದಲು ಕೆಡಿಸುತ್ತದೆ. ಹಳೆಯ ನೆನಪುಗಳು ಬಹುಕಾಲ ಉಳಿಯುತ್ತವೆ.

ಈ ತಪ್ಪು ತಿಳುವಳಿಕೆಯಿಂದಲೇ ಹಿಂಸೆಗೆ ಹಾದಿಯಾಗುತ್ತದೆ. ಗದರಿಕೆಯಿಂದ ಮೊದಲಾಗಿ ಏಟಿನವರೆಗೆ, ಅನ್ನ ತಪ್ಪಿಸುವುದರಿಂದ ಮಂಚಕ್ಕೆ ಕಟ್ಟಿಹಾಕುವವರೆಗೆ ಅದು ಬೆಳೆಯಬಹುದು. ಹೊಳೆ, ಬಾವಿಗಳ ಭಯದಿಂದ ಅಂಗಳದ ಬಾಗಿಲನ್ನು ಹಾಕುವುದು ಬೇರೆ, ಕತ್ತಲೆಯ ಕೋಣೆಯಲ್ಲಿ ಕೂಡಿಹಾಕುವುದು ಬೇರೆ. ಏನೆಂದು ತಿಳಿಯದವರ ಹೆಬ್ಬೆರಳನ್ನು ಆಸ್ತಿಪತ್ರಕ್ಕೆ ಒತ್ತಿಸುವುದೂ ಹಿಂಸೆಯೇ. ನಿದ್ರೆಯಿಲ್ಲದೆ ಒಬ್ಬಂಟಿಯಾಗಿ ಆರೈಕೆ ಮಾಡುವ ಸೊಸೆಯು ತಾಳ್ಮೆಗೆಡುವುದನ್ನು ದುಷ್ಟತನವೆಂದು ಕರೆಯಲಾರೆವು. ಆಕೆಗೂ ನೆರವು ಬೇಕು. ಆಸ್ತಿಯ ಆಸೆಯಿಂದ ಮಾಡಿದುದಕ್ಕೆ ಆ ಸಮಾಧಾನವೂ ಇಲ್ಲ.

ಈ ಹಿಂಸೆಯ ಅತ್ಯಂತ ಕ್ರೂರವಾದ ಅಂಶವೆಂದರೆ, ನೊಂದವರ ದೂರನ್ನು ಯಾರೂ ನಂಬದಿರುವುದು. “ಹೊಡೆದರು” ಎಂದರೆ “ಅವರಿಗೆ ಅರಳು ಮರಳು” ಎಂಬ ಉತ್ತರ ಸಿದ್ಧವಾಗಿರುತ್ತದೆ. ರೋಗದಿಂದಾಗಿ ಸುಳ್ಳು ಶಂಕೆಗಳು ಹುಟ್ಟುವುದೂ ನಿಜ. ಆದುದರಿಂದ ಮಾತಿನ ಜೊತೆಗೆ ಮೈಯನ್ನೂ ಗಮನಿಸಬೇಕು: ಮಣಿಕಟ್ಟಿನ ಬಾಸುಂಡೆ, ಇಳಿಯುತ್ತಿರುವ ತೂಕ, ಒಬ್ಬರ ಹೆಜ್ಜೆಯ ಸಪ್ಪಳಕ್ಕೆ ಮಾತ್ರ ಬೆಚ್ಚುವ ಕಣ್ಣು. ಇವು ಮರೆಗುಳಿತನದ ಕಲ್ಪನೆಗಳಲ್ಲ.

ತಂದೆತಾಯಿಗಳ ಹಾಗೂ ಹಿರಿಯ ನಾಗರಿಕರ ಪೋಷಣೆ ಮತ್ತು ಕಲ್ಯಾಣಕ್ಕಾಗಿ 2007ರಲ್ಲಿ ಕಾನೂನೊಂದು ರಚಿತವಾಯಿತು. ರಕ್ಷಿಸಬೇಕಾದವರೇ ಹಿರಿಯರನ್ನು ತೊರೆದುಬಿಟ್ಟರೆ ಮೂರು ತಿಂಗಳವರೆಗೆ ಸೆರೆವಾಸ, ಇಲ್ಲವೆ 5,000 ರೂಪಾಯಿಗಳವರೆಗೆ ದಂಡ, ಅಥವಾ ಎರಡನ್ನೂ ವಿಧಿಸಬಹುದು. ನೋಡಿಕೊಳ್ಳಬೇಕೆಂಬ ಷರತ್ತಿನ ಮೇಲೆ ಕೊಟ್ಟ ಆಸ್ತಿಯನ್ನು, ಷರತ್ತು ಮುರಿದಾಗ, ನ್ಯಾಯಮಂಡಳಿಯು ಅಸಿಂಧುವೆಂದು ಸಾರಬಹುದು. ಈ ಭಾಗದವರಿಗೆ ಆ ಮಂಡಳಿಯ ಅಧ್ಯಕ್ಷರು ಕುಂದಾಪುರದ ಉಪವಿಭಾಗಾಧಿಕಾರಿಗಳು. ಅರ್ಜಿ ಬರೆಯಲಾರದ ಹಿರಿಯರ ಪರವಾಗಿ ಅವರು ಒಪ್ಪಿದ ಬೇರೊಬ್ಬರು ಅರ್ಜಿ ಸಲ್ಲಿಸಬಹುದು; ಒಪ್ಪಿಗೆ ಕೊಡುವ ಶಕ್ತಿಯೂ ಉಡುಗಿದ್ದರೆ, ಸಂಗತಿ ಕಿವಿಗೆ ಬಿದ್ದ ಮಾತ್ರಕ್ಕೆ ಮಂಡಳಿಯು ತಾನಾಗಿಯೇ ವಿಚಾರಣೆಯನ್ನು ಕೈಗೆತ್ತಿಕೊಳ್ಳಬಹುದು.